ಮಗಳ ಬಲಗೈ

ತೊಂಬತ್ತರ ದಶಕದ ಕೊನೆ. ಭದ್ರಾವತಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಬೆಳಗ್ಗೆಯಿಂದ ನನಗೆ ಹೆರಿಗೆ ನೋವು. ಚೊಚ್ಚಲು. ಮಧ್ಯಾಹ್ನ ಕಾರ್ಖಾನೆಯ ಸೈರನ್ ಕೂಗುವ ಹೊತ್ತಿಗೆ ನನ್ನಲ್ಲಿ ಮುಕ್ಕುವ ಶಕ್ತಿ ಉಳಿದಿರಲಿಲ್ಲ. ಡಾಕ್ಟರಮ್ಮ ಮಗುವಿನ ತಲೆಗೆ ಇಕ್ಕಳ ಹಾಕಿದರು.

"ತಲೆ ಬಂತು," ಎಂದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಯಾರ ಮುಖದಲ್ಲೂ ಸಮಾಧಾನವಿರಲಿಲ್ಲ.

"ಭುಜ ಸಿಕ್ಕಿಕೊಂಡಿದೆ. ಕಾಲು ಮಡಚಿ ಹಿಡೀರಿ, ಬೇಗ!"

ಆಯಾ ನನ್ನ ಮಂಡಿಗಳನ್ನು ಎದೆಗೆ ಒತ್ತಿ ಹಿಡಿದಳು. ನರ್ಸ್ ಮುಷ್ಟಿ ಕಟ್ಟಿ ಕಿಬ್ಬೊಟ್ಟೆಯ ಮೇಲೆ ಭಾರ ಹಾಕಿದಳು. "ಮುಕ್ಕಮ್ಮಾ, ಇನ್ನೊಂದ್ಸಲ," ಎಂದು ಆಯಾ ಕಿವಿಯ ಹತ್ತಿರವೇ ಕೂಗುತ್ತಿದ್ದಳು. ಡಾಕ್ಟರಮ್ಮ ಗೋಡೆ ಗಡಿಯಾರದ ಕಡೆ ಒಮ್ಮೆ ನೋಡಿದರು. ನನಗೆ ನಿಜವಾದ ಹೆದರಿಕೆ ಹುಟ್ಟಿದ್ದು ಆಗ. ಆಮೇಲೆ ಅವರು ಎಳೆದರು.

ಮಗು ಹೊರಗೆ ಬಂತು. ಅಳಲಿಲ್ಲ. ಮೈ ನೀಲಿಯಾಗಿತ್ತು. ಬಾಯಿಂದ ನೀರು ತೆಗೆದರು, ಬೆನ್ನು ಉಜ್ಜಿದರು. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೊಂದು ಸಣ್ಣ ಧ್ವನಿ, ಬೆಕ್ಕಿನ ಮರಿಯ ಹಾಗೆ.

ಹೆಣ್ಣು ಮಗು. ಸಂಜೆ ಬಟ್ಟೆ ಬದಲಿಸುವಾಗ ನನ್ನಮ್ಮ ಮಗುವಿನ ಎರಡೂ ಕೈ ಎತ್ತಿ ನೋಡಿದಳು. ಎಡಗೈ ಆಡುತ್ತಿತ್ತು. ಬಲಗೈ ಮಾತ್ರ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

ನಾವು ಕೇಳುವ ಮೊದಲೇ ಡಾಕ್ಟರಮ್ಮ ಬಂದು ಮಂಚದ ಪಕ್ಕ ಕೂತರು. "ನಾನು ಎಳೆದಾಗ ಭುಜದ ನರಕ್ಕೆ ಪೆಟ್ಟಾಗಿದೆ. ಎಳೀದೆ ಇದ್ದಿದ್ರೆ ಮಗು ಉಳೀತಿರಲಿಲ್ಲ. ಸರಿಹೋಗಬಹುದು. ಸರಿಹೋಗೇ ಹೋಗ್ತದೆ ಅಂತ ಹೇಳೋಕಾಗಲ್ಲ."

ನಾನು ಗೋಡೆ ಕಡೆ ತಿರುಗಿ ಮಲಗಿದೆ. ನನ್ನ ಯಜಮಾನರು ಮಾತ್ರ, "ಈಗೇನು ಮಾಡಬೇಕು ಹೇಳಿ ಮೇಡಂ," ಎಂದರು.

ಶಿವಮೊಗ್ಗದ ದುರ್ಗಿಗುಡಿಯ ಮಕ್ಕಳ ಡಾಕ್ಟರು ವ್ಯಾಯಾಮ ಹೇಳಿಕೊಟ್ಟರು. ಬಟ್ಟೆ ಬದಲಿಸಿದಾಗಲೆಲ್ಲ ಕೈಯನ್ನು ಮೆಲ್ಲಗೆ ಮಡಚಬೇಕು, ಬಿಡಿಸಬೇಕು. "ಮೂರು ತಿಂಗಳೊಳಗೆ ಮೊಣಕೈ ತಾನೇ ಮಡಚಬೇಕಮ್ಮ. ಇಲ್ಲಾಂದ್ರೆ ಆಪರೇಷನ್ ಯೋಚನೆ ಮಾಡೋಣ." ಹದಿನೈದು ದಿನಕ್ಕೊಮ್ಮೆ ಮಗುವನ್ನು ಎದೆಗವುಚಿಕೊಂಡು ಬಸ್ಸು ಹತ್ತುತ್ತಿದ್ದೆ. ಜನ ಎದ್ದು ಸೀಟು ಕೊಟ್ಟು, "ಕೈಗೆ ಏನಾಯ್ತು?" ಎನ್ನುತ್ತಿದ್ದರು. ಅತ್ತೆ ಗ್ರಹಣದ ಮಾತೆತ್ತಿದರು. ಎರಡು ತಿಂಗಳಾಯಿತು, ಬೆರಳು ಬಿಟ್ಟರೆ ಏನೂ ಆಡಲಿಲ್ಲ. ಮೂರನೆಯದೂ ಮುಗಿಯುತ್ತ ಬಂತು.

ಒಂದು ಬೆಳಗ್ಗೆ ಎಣ್ಣೆ ಹಚ್ಚುತ್ತಿದ್ದೆ. ಕೈ ಮಡಚಿ, ಹಿಡಿತ ಬಿಟ್ಟಿದ್ದೆ. ಅವಳ ಮೊಣಕೈ ಮಾತ್ರ ಮಡಚಿಕೊಂಡೇ ಇತ್ತು. ನನ್ನ ಭ್ರಮೆ ಅಂದುಕೊಂಡು ಬಿಡಿಸಿದೆ. ಮತ್ತೆ ಮಡಚಿತು. ಆ ದಿನ ಯಾರಿಗೂ ಹೇಳಲಿಲ್ಲ. ಮರುದಿನ ಇನ್ನೊಮ್ಮೆ ನೋಡಿದ ಮೇಲೆಯೇ ಯಜಮಾನರನ್ನು ಕೂಗಿ ಕರೆದೆ.

ಪೂರ್ತಿ ಸರಿಹೋಗಲಿಲ್ಲ. ಇವತ್ತಿಗೂ ಅವಳ ಬಲಗೈ ಕಿವಿಯಿಂದ ಮೇಲೆ ಏಳುವುದಿಲ್ಲ. ತಲೆ ಬಾಗಿಸಿ ಜಡೆ ಹಾಕಿಕೊಳ್ಳುತ್ತಾಳೆ.

ಎರಡನೆಯ ಬಸಿರಿನಲ್ಲಿ ಎಲ್ಲರೂ ಬೇಡವೆಂದರೂ ನಾನು ಅದೇ ಡಾಕ್ಟರಮ್ಮನ ಹತ್ತಿರ ಹೋದೆ. ಹಳೆಯ ಚೀಟಿ ನೋಡಿ ಅವರಿಗೆ ಗುರುತು ಹತ್ತಿತು. "ನನ್ನ ಹತ್ರಾನೇ ಬಂದ್ರಾ?" ಎಂದರು.

"ನೀವು ಮುಚ್ಚಿಡಲಿಲ್ಲವಲ್ಲ," ಎಂದೆ.

ಅವರು ಹೊಸ ಚೀಟಿಯೊಂದನ್ನು ಎಳೆದುಕೊಂಡರು. ಆಮೇಲೆ, "ಈ ಸಲ ನೋವು ಬರೋ ಮೊದಲೇ ಸಿಸೇರಿಯನ್ ಮಾಡ್ತೀನಿ," ಎಂದು ಬರೆದುಕೊಟ್ಟರು.