ಹೆಬ್ಬೆರಳಮ್ಮನ ಮಾಲೀಸು

ಆಕೆಗೂ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಕ್ಲಿನಿಕ್ಕಿಗೆ ಬರುವವರೆಲ್ಲ ಕರೆಯುತ್ತಿದ್ದುದು ಹೆಬ್ಬೆರಳಮ್ಮ ಎಂದೇ. ಆಕೆ ಹೆಬ್ಬೆರಳು ಊರಿದಳೆಂದರೆ ಎಂಥ ಗಟ್ಟಿ ಆಸಾಮಿಯೂ "ಅಯ್ಯಯ್ಯೋ, ಮೆಲ್ಲಗಮ್ಮಾ!" ಎಂದು ಮಂಚದ ಅಂಚು ಹಿಡಿಯಬೇಕು. "ಬಾಯಿ ಮಾಡ್ಬೇಡಿ. ನೋವು ಗೊತ್ತಾಗ್ತಿದ್ಯಲ್ಲ, ಅದೇ ನಿಮ್ಮ ಪುಣ್ಯ," ಎಂದು ಗದರುವಳು. ಜನ ಅದನ್ನು ತಮಾಷೆ ಅಂದುಕೊಂಡು ನಗುತ್ತಿದ್ದರು.

ಕ್ಲಿನಿಕ್ ಅಂದರೆ ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ, ಅಷ್ಟೆ. ಮುಂದಿನದರಲ್ಲಿ ಚೀನಾ ವೈದ್ಯ ಕಲಿತ ಡಾಕ್ಟರಮ್ಮ. ನಾಡಿ ಹಿಡಿದು, ನಾಲಿಗೆ ನೋಡಿ, ಕೂದಲೆಳೆಯಂಥ ಸೂಜಿ ಚುಚ್ಚುವರು; ಬೆನ್ನಿಗೆ ಗಾಜಿನ ಬಟ್ಟಲು ಕವುಚುವರು. ಸೂಜಿ ಮುಗಿದವರು ಪರದೆ ಸರಿಸಿ ಹಿಂದಿನ ಕೋಣೆಗೆ, ಹೆಬ್ಬೆರಳಮ್ಮನ ಕೈಗೆ ಬರಬೇಕು. "ಹರಿದಾಡಿದ್ರೆ ಸುಖ, ಕಟ್ಕೊಂಡ್ರೆ ನೋವು. ನಾನು ಬಾಗಿಲು ತಟ್ತೀನಿ, ನೀನು ಒಳಗಿನ ಕಸ ಗುಡಿಸ್ತೀಯ," ಎನ್ನುವುದು ಡಾಕ್ಟರಮ್ಮನ ಮಾತು. ಬಗ್ಗಿ ಬಗ್ಗಿ ಕತ್ತು ಸೆಟೆದುಕೊಂಡಿದ್ದ ಕೆಳಗಿನ ದರ್ಜಿ ಇವರಿಬ್ಬರ ದೆಸೆಯಿಂದಲೇ ಮತ್ತೆ ಹಿಂದೆ ತಿರುಗಿ ನೋಡುವಂತಾದ. ನಿದ್ದೆಗೆಟ್ಟು ಹೈರಾಣಾಗಿದ್ದ ಟೀಚರಮ್ಮ ಮಾಲೀಸಿನ ಮಂಚದ ಮೇಲೇ ಗೊರಕೆ ಹೊಡೆದರು. ಹಾಗಂತ ಸಕಲ ರೋಗಕ್ಕೂ ಇದೇ ಮದ್ದು ಎಂದು ಡಾಕ್ಟರಮ್ಮ ಬುರುಡೆ ಬಿಟ್ಟವರಲ್ಲ. ಬಿಪಿ ಮಾತ್ರೆ ನಿಲ್ಲಿಸಿ ಬಂದವರಿಗೆ ಮೆಟ್ಟಿಲಲ್ಲೇ ಮಂಗಳಾರತಿ ಆಗುತ್ತಿತ್ತು.

ಅಲ್ಲೊಂದು ಪದ್ಧತಿ ಇತ್ತು. ಸೂಜಿಯೋ ಬೆರಳೋ ಸರಿಯಾದ ಜಾಗಕ್ಕೆ ಕೂತರೆ ಒಳಗೆ ಒಂದು ಥರದ ಭಾರ, ಜೋಮು, ಸೆಳೆತ ಏಳುತ್ತದಂತೆ. ಅದಕ್ಕೇ ಒತ್ತಿದ ಮೇಲೆ "ಬಂತಾ?" ಎಂದು ಕೇಳಬೇಕು. ಬಂತು ಅಂದರೆ ಮುಂದಿನ ಜಾಗ. ಇಲ್ಲ ಅಂದರೆ ಎಳ್ಳಷ್ಟು ಸರಿಸಿ ಮತ್ತೆ ಒತ್ತಬೇಕು.

ಇನ್ನು ಆಕೆಯ ಮನೆ. ಬಸ್ ಓಡಿಸುತ್ತಿದ್ದ ಗಂಡನಿಗೆ ಲಕ್ವ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಪುಣ್ಯಕ್ಕೆ ಮಾತಿಗೇನೂ ಆಗಿರಲಿಲ್ಲ. "ಹೋಗಿದ್ದು ಕ್ಲಚ್ ಕಾಲು ಕಣೇ. ಇನ್ನು ನನ್ ಗಾಡಿ ನ್ಯೂಟ್ರಲ್ಲೇ," ಎಂದು ತಾನೇ ನಗುತ್ತಿದ್ದ. ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿ, ಮಾತ್ರೆ, ವ್ಯಾಯಾಮ ಹೇಳಿ ಕಳಿಸಿದ್ದರು. ಡಾಕ್ಟರಮ್ಮ ಮನೆಗೇ ಬಂದು ನೋಡಿದ್ದರು. "ದಿನಾ ನೀವ್ತಾ ಇರು. ಕೀಲು ಬಿಗಿಯಲ್ಲ, ಬಾವು ಇಳಿಯತ್ತೆ, ಒಳ್ಳೆ ನಿದ್ದೆ ಬರತ್ತೆ. ಸ್ಪರ್ಶ ವಾಪಸ್ ಬರತ್ತೆ ಅಂತ ಮಾತ್ರ ನಾನು ಮಾತು ಕೊಡಲ್ಲ," ಎಂದಿದ್ದರು.

ಹೆಬ್ಬೆರಳಮ್ಮನಿಗೆ ಬೇಕಾಗಿದ್ದುದು ಆ ಕೊನೆಯದೇ. ಕಂಡವರ ನೋವನ್ನೆಲ್ಲ ತೆಗೆಯುವ ಕೈಗೆ ಕಟ್ಟಿಕೊಂಡವನಿಗೆ ಒಂದೇ ಒಂದು ನೋವು ಕೊಡುವ ಹಂಬಲ! "ಅಯ್ಯೋ ಬಿಡೇ, ಪ್ರಾಣ ಹೋಗತ್ತೆ" ಎಂದು ಅವನೊಮ್ಮೆ ಕಿರುಚಿಬಿಟ್ಟರೆ ಸಾಕು, ಜನ್ಮ ಸಾರ್ಥಕ ಎಂದು ಆಕೆ ಕಾಯುತ್ತಿದ್ದಳು.

ಸಂಜೆ ಬಂದವಳೇ ಚಪ್ಪಲಿ ಬಿಟ್ಟು, ಎಣ್ಣೆ ಬೆಚ್ಚಗೆ ಮಾಡಿಕೊಂಡು ಎಡಗಾಲಿನ ಪಕ್ಕ ಕೂರುವಳು. "ಬಂತಾ?" "ಇಲ್ಲ." ಎಳ್ಳಷ್ಟು ಸರಿಸುವಳು. "ಈಗ?" "ಊಹೂಂ." ಅವನೇನಾದರೂ ದಿನದ ಸುದ್ದಿ ಎತ್ತಿದರೆ, "ಸುಮ್ನಿರಿ, ಜಾಗ ತಪ್ಪೋಗತ್ತೆ," ಎನ್ನುವಳು. ಗಂಡನ ಮುಖ ನೋಡುವುದಕ್ಕೂ ಪುರುಸೊತ್ತಿಲ್ಲ ಮಹಾತಾಯಿಗೆ.

ಒಂದು ಸಂಜೆ ಬೆರಳು ಸೋತಿತೋ ಮನಸ್ಸೇ ಸೋತಿತೋ, ಎಣ್ಣೆ ಬಟ್ಟಲನ್ನು ಪಕ್ಕಕ್ಕಿಟ್ಟಳು. "ನನ್ ಕೈಗುಣಾನೇ ಸರಿ ಇಲ್ವೇನೋ. ನಾಳೆಯಿಂದ ಆಸ್ಪತ್ರೆ ನರ್ಸಮ್ಮಂಗೆ ಬರಕ್ಕೆ ಹೇಳ್ತೀನಿ, ಅವ್ರೇ ಮಾಡ್ಲಿ," ಎಂದು ಕಣ್ಣೊರೆಸಿಕೊಂಡಳು. ಆದರೂ ಮನಸ್ಸು ತಡೆಯದೆ ಹಿಮ್ಮಡಿಯ ಮೇಲೆ ಕೊನೆಯ ಸಲ ಒತ್ತಿದಳು. "ಬಂತಾ?"

"ಬಂತು," ಎಂದ ಗಂಡ.

ಅಬ್ಬಬ್ಬಾ, ಆಕೆಯ ಕಾಲು ನೆಲದ ಮೇಲಿದ್ದರೆ ಕೇಳಿ! ಮಾರನೆಯ ದಿನ ದರ್ಜಿಗೆ ಹೇಳಿದಳು, ಟೀಚರಮ್ಮನಿಗೆ ಹೇಳಿದಳು, ಮಂಚದ ಮೇಲೆ ಬೋರಲು ಮಲಗಿದ್ದ ಗುರುತಿಲ್ಲದವರಿಗೂ ಹೇಳಿದಳು. ಡಾಕ್ಟರಮ್ಮ ಮಾತ್ರ ಸೂಜಿ ಕೆಳಗಿಟ್ಟು ಯೋಚಿಸಿದರು. "ಸಂತೋಷಾನೇ. ಆದ್ರೂ ಒಂದ್ಸಲ ಕಣ್ಣು ಮುಚ್ಚಿಸಿ ಕೇಳಿಬಿಡು," ಎಂದರು.

ಕೇಳಿದರೇನಂತೆ ಎಂದು ಆ ಸಂಜೆ ಗಂಡನ ಕಣ್ಣಿನ ಮೇಲೆ ಟವೆಲ್ ಹಾಕಿದಳು. ಮೊದಲು ಮುಟ್ಟದೆಯೇ ನೋಡೋಣ ಎಂದು ಕೈಗಳನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡು ಕೇಳಿದಳು.

"ಬಂತಾ?"

"ಬಂತು ಕಣೇ. ನಿನ್ನೆಗಿಂತ ಚೆನ್ನಾಗೇ ಬಂತು."

"ನಾನು ಬೆರಳೇ ಇಟ್ಟಿಲ್ಲ," ಎಂದಳು.

ಆಕೆಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. "ಯಾಕ್ರೀ ಸುಳ್ಳು ಹೇಳಿದ್ರಿ? ಊರಿಗೆಲ್ಲ ಡಂಗುರ ಸಾರಿ ಬಂದಿದೀನಿ! ನನ್ನ ಮಂಗ ಮಾಡಿ ನಿಮಗೇನ್ ಸಿಕ್ತು?"

"ನರ್ಸಮ್ಮನ್ನ ಕರೀತೀನಿ ಅಂದ್ಯಲ್ಲ," ಎಂದ ಅವನು ಟವೆಲ್ಲಿನ ಕೆಳಗಿನಿಂದಲೇ. "ಆಮೇಲೆ ನೀನು ಹತ್ರ ಬಂದು ಕೂರ್ತಿದ್ಯಾ? ನಾನು ಬೆಳಗಿಂದ ಕಾಯೋದೇ ಈ ಅರ್ಧ ಗಂಟೆಗೆ. ಆ ಕಾಲಲ್ಲಿ ನಾನಿಲ್ಲ ಕಣೇ. ಬಿದ್ದ ದಿನದಿಂದ ನೀನು ಅದನ್ನೇ ಮುಟ್ತಿದೀಯ. ನಾನು ಈ ಕಡೆ ಇದೀನಿ. ಈ ಕಡೆ ಎಲ್ಲಾ ಗೊತ್ತಾಗತ್ತೆ, ಯಾರೂ ಮುಟ್ಟೋರಿಲ್ಲ."

ಕೆಟ್ಟ ಜಾಗ ಹುಡುಕುವುದೇ ಕಸುಬಾದವರಿಗೆ ಸರಿಯಿರುವ ಜಾಗ ಕಣ್ಣಿಗೇ ಬೀಳುವುದಿಲ್ಲ, ಏನು ಮಾಡೋಣ? ಆ ಬಲಗೈ ತಾನೇ ಉಣ್ಣುತ್ತಿತ್ತು, ತಾನೇ ಗಡ್ಡ ಕೆರೆದುಕೊಳ್ಳುತ್ತಿತ್ತು. ಅದಕ್ಕೂ ಒಂದು ಆಸೆ ಇರಬಹುದು ಎಂದು ಆಕೆಗೆ ಹೊಳೆದೇ ಇರಲಿಲ್ಲ. ಅದನ್ನು ಕೊನೆಯ ಸಲ ಹಿಡಿದುಕೊಂಡದ್ದು ಯಾವಾಗ ಎಂದು ನೆನೆಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ.

ಮಾಲೀಸಿಗೆ ಅನುಕೂಲವಾಗಲೆಂದು ಮಂಚದ ಬಲಗಡೆಯನ್ನು ಗೋಡೆಗೆ ಒತ್ತರಿಸಿಟ್ಟವಳೂ ಆಕೆಯೇ. ಆ ಕಡೆ ಒಂದು ಕಾಲಿಡಲೂ ಜಾಗವಿರಲಿಲ್ಲ. ಎದ್ದು ಸೆರಗು ಬಿಗಿದು, ಗಂಡನ ಸಮೇತ ಮಂಚವನ್ನು ಎಳೆದಳು. ಅದು ಕಿರ್ರೆಂದು ನೆಲ ಕೆರೆಯುತ್ತ ಸರಿಯಿತು.

"ಏನೇ ಮಾಡ್ತಿದೀಯ?" ಎಂದು ಅವನು ಗಾಬರಿಯಿಂದ ಟವೆಲ್ ಕಿತ್ತೆಸೆದ.

ಆಕೆ ಗೋಡೆಗೂ ಮಂಚಕ್ಕೂ ನಡುವಿನ ಸಂದಿಯಲ್ಲಿ ತೂರಿಕೊಂಡು ಕೂತು, ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಬೆಳಗಿಂದ ಏನೇನಾಯ್ತು, ಹೇಳಿ," ಎಂದಳು.