ನಂಜುಂಡಯ್ಯ ಮೇಷ್ಟ್ರ ಪಾರಿವಾಳಗಳು

ನಂಜುಂಡಯ್ಯ ಮೇಷ್ಟ್ರ ಎದುರಿಗೆ ಡೈನೋಸಾರ್‌ಗಳು ನಾಶವಾದವು ಎಂದು ಯಾರೂ ಹೇಳಬಾರದಿತ್ತು. ಹೇಳಿದರೆ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಡುತ್ತಿದ್ದರು. ಲೋಟ ಕೆಳಗಿಟ್ಟರೆಂದರೆ ಅರ್ಧ ಗಂಟೆ ಯಾರಿಗೂ ಬಿಡುಗಡೆಯಿಲ್ಲ.

“ನಾಶ ಆಗಿಲ್ಲಮ್ಮ. ಒಂದು ಕವಲು ಉಳ್ಕೊಂಡ್ತು. ಅದನ್ನೇ ನಾವು ಹಕ್ಕಿ ಅಂತೀವಿ.”

ಚಿಕ್ಕಲಸಂದ್ರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ಪಕ್ಕದ ಮನೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತರಾಗಿದ್ದರು. ಪಾಠ ಮಾತ್ರ ನಿಂತಿರಲಿಲ್ಲ. ಒಂಟಿ ಜೀವ, ಬೇಸಿಗೆಯಲ್ಲೂ ಸ್ವೆಟರ್. ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಇಟ್ಟು ಮಾತಾಡುವ ಅಭ್ಯಾಸ. ಬಾಗಿಲು ಒಂದೇ ಸಮನೆ ಕೂಗಿಕೊಳ್ಳುತ್ತಿದ್ದರೂ ಹಲ್ಲು ಹೋಗಿ ಕೊಕ್ಕು ಹೇಗೆ ಬಂತೆಂದು ವಿವರಿಸುತ್ತಿದ್ದರು. ಅಷ್ಟರಲ್ಲಿ ನನ್ನ ಬಸ್ಸು ಹೋಗಿರುತ್ತಿತ್ತು.

ಕೆಳಗಿನ ಮನೆಯ ಮಗುವಿನ ಹುಟ್ಟುಹಬ್ಬಕ್ಕೆ ಡೈನೋಸಾರ್ ಕೇಕ್ ತರಿಸಿದ್ದರು. ಒಂದು ಟಿ-ರೆಕ್ಸ್, ಪಕ್ಕದಲ್ಲಿ ಬೆನ್ನ ಮೇಲೆ ಫಲಕಗಳಿರುವ ಸ್ಟೆಗೊಸಾರಸ್. ಮೇಷ್ಟ್ರಿಗೆ ಅದನ್ನು ನೋಡಿ ಸಹಿಸಲಾಗಲಿಲ್ಲ. ಇವೆರಡೂ ಒಂದನ್ನೊಂದು ಕಂಡೇ ಇಲ್ಲ, ಇವುಗಳ ನಡುವಿನ ಕಾಲ ನಮಗೂ ಟಿ-ರೆಕ್ಸ್‌ಗೂ ಇರುವ ಅಂತರಕ್ಕಿಂತ ಹೆಚ್ಚು ಎಂದು ಶುರು ಮಾಡಿದರು. ಮೇಣದಬತ್ತಿ ಕರಗಿ ಕೆನೆಯ ಮೇಲೆ ಇಳಿಯಿತು. ಮಗು ಚಾಕು ಹಿಡಿದು ನಿಂತೇ ಇತ್ತು.

ಇದನ್ನೆಲ್ಲ ಸಹಿಸಬಹುದಿತ್ತು. ಪಾರಿವಾಳಗಳನ್ನು ಸಹಿಸುವುದು ಕಷ್ಟವಾಗಿತ್ತು. ನಾವೆಲ್ಲ ಬಾಲ್ಕನಿಗೆ ಬಲೆ ಹಾಕಿಸಿದ್ದೆವು. ಮೇಷ್ಟ್ರು ಮಾತ್ರ ಬಲೆ ಬೇಡವೆಂದು ದಿನಾ ಜೋಳ ಚೆಲ್ಲುತ್ತಿದ್ದರು. ಒಣಗಹಾಕಿದ ನನ್ನ ಸೀರೆಗಳ ಮೇಲೆ ಹಿಕ್ಕೆ, ಕಿಟಕಿಯ ಅಂಚಿನಲ್ಲಿ ಹಿಕ್ಕೆ. ಅಸೋಸಿಯೇಷನ್ ಮೀಟಿಂಗಿನಲ್ಲಿ ನೀವೂ ಬಲೆ ಹಾಕಿಸಿ ಎಂದು ಎಲ್ಲರೂ ಸೇರಿ ಕೇಳಿದೆವು. ಅವರು ಎದ್ದು ನಿಂತರು.

“ಆಕಾಶದಿಂದ ಬಂಡೆ ಬಿದ್ದಾಗ ಬದುಕಿ ಉಳಿದ ವಂಶ ಕಣ್ರೀ ಇದು. ಚಿಕ್ಕಲಸಂದ್ರದಲ್ಲಿ ಬಲೆಗೆ ಸಿಕ್ಕಿ ಸಾಯ್ಬೇಕಾ?”

ಮೀಟಿಂಗು ನೀರಿನ ಟ್ಯಾಂಕರಿನ ವಿಷಯಕ್ಕೆ ಹೋಯಿತು.

ಆಮೇಲೆ ಕೆಮ್ಮು ಶುರುವಾಯಿತು. ಗೋಡೆಯಾಚೆಯಿಂದ ನಮಗೂ ಕೇಳುತ್ತಿದ್ದ ಒಣಕೆಮ್ಮು. ರಸ್ತೆಯ ಧೂಳು ಎಂದು ತಳ್ಳಿಹಾಕುತ್ತಿದ್ದರು. ಕೊನೆಗೊಂದು ದಿನ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ ಕುಳಿತಿದ್ದವರನ್ನು ನಾನೇ ಆಟೋದಲ್ಲಿ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಪರೀಕ್ಷೆಗಳೆಲ್ಲ ಆದ ಮೇಲೆ ಡಾಕ್ಟರು ಮನೆಯಲ್ಲಿ ಪಾರಿವಾಳ ಇವೆಯೇ ಎಂದು ಕೇಳಿದರು. ಮೇಷ್ಟ್ರು ಸ್ವೆಟರಿನ ಗುಂಡಿ ಸರಿಮಾಡಿಕೊಂಡರು. ಇವೆ ಎಂದು ನಾನು ಹೇಳಿದೆ. ಹಿಕ್ಕೆಯ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುತ್ತಿದೆ, ಇವತ್ತೇ ಅವುಗಳಿಂದ ದೂರವಾಗಬೇಕು ಎಂದರು ಡಾಕ್ಟರು.

ವಾಪಸು ಬರುವಾಗ ಮೇಷ್ಟ್ರು ಮೆಲ್ಲಗೆ ಹೇಳಿದರು: “ಬಾಲ್ಕನಿ ಕುಂಡದಲ್ಲಿ ಎರಡು ಮರಿ ಇದಾವೆ. ಅವು ಹಾರಲಿ, ಆಮೇಲೆ ಬಲೆ ಹಾಕಿಸ್ತೀನಿ.”

“ನಿಮ್ಮ ಜೀವಕ್ಕಿಂತ ಅವು ಹೆಚ್ಚಾ ಸಾರ್?”

“ಮರಿ ಕಣಮ್ಮ ಅವು.”

ಆಟೋದವನು ತಿರುಗಿ ನೋಡುವಷ್ಟು ಜೋರಾಗಿ ಬೈದೆ. ಪ್ರಯೋಜನವಾಗಲಿಲ್ಲ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಗಾಜಿನ ಬಾಗಿಲ ಈಚೆ ಕುರ್ಚಿ ಹಾಕಿ ಕಾದರು. ಮರಿಗಳು ಹಾರಿಹೋದ ಮೇಲೆ ಬಲೆಯವನಿಗೆ ತಾವೇ ಫೋನ್ ಮಾಡಿದರು. ಅಷ್ಟರಲ್ಲಿ ಉಸಿರು ಇನ್ನಷ್ಟು ಕುಗ್ಗಿತ್ತು. ಅವರ ತಂಗಿ ಬಂದು ತಲಘಟ್ಟಪುರದ ತಮ್ಮ ಮನೆಗೆ ಕರೆದುಕೊಂಡು ಹೋದರು.

ನಾನು ಅವರನ್ನು ಕೊನೆಯದಾಗಿ ನೋಡಿದ್ದು ಅಲ್ಲೇ. ಮೂಗಿಗೆ ಆಕ್ಸಿಜನ್ ನಳಿಗೆ, ಮಂಚದ ಪಕ್ಕ ಗೊರಗುಟ್ಟುವ ಯಂತ್ರ. ನನ್ನನ್ನು ಕಂಡದ್ದೇ ಆ ಯಂತ್ರದತ್ತ ಬೆರಳು ತೋರಿಸಿದರು.

“ಮೊದಮೊದಲು ಭೂಮೀಲಿ ಈ ಆಕ್ಸಿಜನ್ ಇರ್ಲಿಲ್ಲ. ಬಂದಾಗ… ಆಗಿದ್ದ ಎಷ್ಟೋ ಜೀವಿಗಳಿಗೆ… ಇದೇ ವಿಷ ಆಯ್ತು.”

ಒಂದೊಂದು ಮಾತಿಗೂ ಉಸಿರು ಹುಡುಕುತ್ತಿದ್ದರು. ತಂಗಿ ನನ್ನತ್ತ ಅಸಹಾಯಕರಾಗಿ ನೋಡಿದರು. ನನಗೆ ರೇಗಿತು. ಐದು ನಿಮಿಷ ಸುಮ್ಮನಿರಿ ಸಾರ್ ಎಂದೆ.

ಮೇಷ್ಟ್ರು ನಿಜಕ್ಕೂ ಸುಮ್ಮನಾದರು. ಅಷ್ಟು ವರ್ಷಗಳಲ್ಲಿ ಅವರು ನನ್ನ ಮಾತು ಕೇಳಿದ್ದು ಅದೊಂದೇ ಸಲ. ಯಂತ್ರದ ಸದ್ದು ಮಾತ್ರ ಉಳಿಯಿತು. ನನ್ನಿಂದ ತಡೆಯಲಾಗಲಿಲ್ಲ.

“ಆಮೇಲೆ ಏನಾಯ್ತು ಸಾರ್?”

ದಿಂಬಿಗೆ ಒರಗಿಕೊಂಡು ಮತ್ತೆ ಶುರು ಮಾಡಿದರು. ಮೀನುಗಳು ನೀರು ಬಿಟ್ಟು ನೆಲಕ್ಕೆ ಬರುವ ಹೊತ್ತಿಗೆ ತಂಗಿ ಗಂಜಿ ತಂದರು. ಉಳಿದದ್ದನ್ನು ಭಾನುವಾರ ಬಂದು ಕೇಳುತ್ತೇನೆ ಎಂದು ಎದ್ದೆ. ಗುರುವಾರ ತಂಗಿಯ ಫೋನ್ ಬಂತು.