ಗೋಡಂಬಿ ಸೈನ್ಯ

ನ್ಯೂಜಿಲೆಂಡಿನ ಪಾಪಟೋಟೊಯಿ ಊರಿನ ದಿನಸಿ ಅಂಗಡಿಯ ಗುರುಬಸಪ್ಪ ಕಾಕಾ, ಎಲ್ಲಿ ಅಂತರ್ಯುದ್ಧವಾದರೂ ಕೌಂಟರಿನ ಮೇಲೆ ತೆಂಗಿನಕಾಯಿಯೊಂದನ್ನು ರಾಜಧಾನಿಯಾಗಿ ಇಟ್ಟು, ಬಂಡುಕೋರರೆಂದು ಸುತ್ತ ಒಣಮೆಣಸಿನಕಾಯಿ ಹರಡಿ, ‘ದೊಡ್ಡ ದೇಶದವ್ರು ಸುಮ್ನ ಕುಂತ್ರ ಹೆಂಗ್ರಿ? ಸೈನ್ಯ ಕಳಸಬೇಕ್ರಿ’ ಎಂದು ಗೋಡಂಬಿಗಳನ್ನು ಇಳಿಸುತ್ತಿದ್ದರು. ಗಿರಾಕಿ ಹೌದೆನ್ನುವವರೆಗೆ ಬೇಳೆಯ ಚೀಲ ಕೈಬಿಡುತ್ತಿರಲಿಲ್ಲ. ಎರಡು ಸಾವಿರದ ಆರರಲ್ಲಿ ನ್ಯೂಜಿಲೆಂಡ್ ಪೂರ್ವ ಟಿಮೋರ್‌ಗೆ ಸೈನ್ಯ ಕಳಿಸಿದಾಗ ಅದರಲ್ಲಿ ಅವರ ಮಗಳು ಸುನಂದಾಳೂ ಇದ್ದಳು. ಆ ಸಲ ಕಾಯಿಯನ್ನೇನೋ ಇಟ್ಟರು, ಸುತ್ತ ಮೆಣಸಿನಕಾಯಿ ಇಡಲು ಕೈ ಏಳಲಿಲ್ಲ. ಕಾಯಿ ತಿಂಗಳುಗಟ್ಟಲೆ ಒಂಟಿಯಾಗಿಯೇ ಕೂತಿತ್ತು. ಒಂದು ದಿನ ನಾನು ಅಂಗಡಿಗೆ ಹೋದಾಗ ಅದನ್ನೇ ಒಡೆದು ಬಂದವರಿಗೆಲ್ಲ ಚೂರು ಹಂಚುತ್ತಿದ್ದರು. ‘ಮಗಳು ಮನಿಗೆ ಬಂದಾಳ್ರಿ’ ಎಂದರು. ‘ಹಾಗಾದ್ರೆ ಸೈನ್ಯ ಕಳಿಸ್ಬೇಕೋ ಬೇಡ್ವೋ, ಕಾಕಾ?’ ಎಂದೆ. ‘ಕಳಸಬೇಕ್ರಿ’ ಎನ್ನುತ್ತ ನನ್ನ ಕೈಗೂ ಒಂದು ಚೂರು ಇಟ್ಟರು. ‘ಆದ್ರ ಇನ್ನ ಮ್ಯಾಲೆ ನನ್ನ ಕೌಂಟರಿನಿಂದ ಕಳಸಂಗಿಲ್ರಿ.’